ಸೂಪರ್ ಬಡ್ಡೀಸ್ ಎರಡನೇ ಕತೆಯ ಒಂದನೇ ಸಂಚಿಕೆ ಸಿಗದಿದ್ದರೆ

ಡಿಸಿ ಕಾಮಿಕ್ಸ್‌ನ ತಮಾಷೆಯ ಸೂಪರ್‌ಹೀರೋ ಗುಂಪು ಸೂಪರ್ ಬಡ್ಡೀಸ್. ಅವರ ಎರಡನೇ ಕತೆ 'ಐ ಕಾಂಟ್ ಬಿಲೀವ್ ಇಟ್ಸ್ ನಾಟ್ ದಿ ಜಸ್ಟೀಸ್ ಲೀಗ್' ಒಂದನೇ ಸಂಚಿಕೆ ಎಲ್ಲೂ ಸಿಗುತ್ತಿಲ್ಲ ಅಂದಿರಿ. ಬಹುಶಃ ಕಾರಣ ಇಷ್ಟೇ: ಅದು ಬೇರೆ ಸರಣಿಯಾಗಿ ಬರಲೇ ಇಲ್ಲ. 2003ರ ಮೊದಲ ಕತೆಗೆ ಅದರದ್ದೇ 6 ಸಂಚಿಕೆ ಇತ್ತು. ಎರಡನೆಯದು 2005ರಲ್ಲಿ 'ಜೆಎಲ್ಎ: ಕ್ಲಾಸಿಫೈಡ್' ಅನ್ನೋ ಇನ್ನೊಂದು ಕಾಮಿಕ್ ಸರಣಿಯ ಒಳಗೆ, 4ರಿಂದ 9ನೇ ಸಂಚಿಕೆಯವರೆಗೆ ಬಂತು.

ಮೊದಲು 'ಜೆಎಲ್ಎ ಕ್ಲಾಸಿಫೈಡ್ 4' ಅಂತ ಹುಡುಕಿ. 1ರಿಂದ 3 ಬೇರೆಯೇ ಕತೆ, ಸುಮ್ನೆ ದುಡ್ಡು ಹಾಕಬೇಡಿ. ಬಿಡಿ ಸಂಚಿಕೆ ಸಿಗದಿದ್ದರೆ ಪುಸ್ತಕ ರೂಪದ್ದನ್ನು ನೋಡಿ. ಅದಕ್ಕೆ ಈ ಉದ್ದದ ಹೆಸರೇ ಇದೆ.

ನೀವು 1987ರ ಹಳೇ 'ಜಸ್ಟೀಸ್ ಲೀಗ್' ಸರಣಿ ಓದಿದ್ದೀರೋ ಇಲ್ಲವೋ ಗೊತ್ತಾಗಲಿಲ್ಲ. ಓದಿಲ್ಲದಿದ್ದರೂ ನಡೆಯುತ್ತೆ. ಆದರೆ ಅದರಲ್ಲಿನ ಸೂಪರ್‌ಹೀರೋಗಳಾದ ಫೈರ್ ಮತ್ತು ಐಸ್ ಎಂಥಾ ಗೆಳತಿಯರು, ಐಸ್ 1994ರಲ್ಲೇ ಸತ್ತಳು ಅನ್ನೋದು ತಲೆಯಲ್ಲಿರಲಿ. ಇಲ್ಲಿ ಗುಂಪು ನರಕಕ್ಕೆ ಹೋಗುತ್ತೆ. ಗುಂಪಿನ ಬೀಟಲ್, ಬೂಸ್ಟರ್ ಅಲ್ಲೂ ಹರಟೆ ಬಿಡಲ್ಲ, ನಗ್ತಾ ನಗ್ತಾನೇ ಪುಟ ತಿರುಗಿಸುತ್ತೀರಿ. ಆಮೇಲೆ ಫೈರ್ ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಾಳೆ. ಚಿತ್ರಕಾರ ಕೆವಿನ್ ಮಗ್ವಾಯರ್ ಬಿಡಿಸಿದ ಆ ಮುಖ ನನಗೆ ಇನ್ನೂ ಮರೆತಿಲ್ಲ. ಐಸ್ ಯಾರು ಅಂತ ಗೊತ್ತಿಲ್ಲದಿದ್ದರೆ ಆ ಪುಟ ಹಾಗೇ ದಾಟಿಹೋಗುತ್ತೆ.

ಇನ್ನೊಂದು: 'ಐಡೆಂಟಿಟಿ ಕ್ರೈಸಿಸ್' ಅನ್ನೋ ಡಿಸಿ ಕಾಮಿಕ್ 2004ರದ್ದು ಅಂತ ಇದಕ್ಕಿಂತ ಮೊದಲು ಓದಬೇಡಿ. ಅದರಲ್ಲಿ ಇದೇ ಗುಂಪಿನ ಒಬ್ಬರಿಗೆ ಏನಾಗುತ್ತೆ ಅಂತ ಗೊತ್ತಾದರೆ, ಇಲ್ಲಿನ ಅರ್ಧ ಜೋಕುಗಳಿಗೆ ನಗು ಬರಲ್ಲ.