ಓದುಗರ ಪ್ರಶ್ನೆ: ಪಲೆರ್ಮೊ ಅರಮನೆ ಚರ್ಚಿನ ಅರಬ್ಬೀ ಚಾವಣಿ

ಪ್ರಶ್ನೆ: ಇಟಲಿಯಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋಗುತ್ತಿದ್ದೇವೆ, ಸಿಸಿಲಿ ದ್ವೀಪದ ಪಲೆರ್ಮೊದಲ್ಲಿ ಎರಡು ದಿನ ಇರುತ್ತೇವೆ. ಅಲ್ಲಿನ ಅರಮನೆಯೊಳಗಿನ ಕಪೆಲ್ಲಾ ಪಲತೀನಾ ಚರ್ಚಿನ ಚಾವಣಿ ಮಸೀದಿಯದರಂತಿದೆ ಎಂದು ಮಗಳು ಹೇಳುತ್ತಾಳೆ. ಅದು ಮೊದಲು ಮಸೀದಿಯಾಗಿತ್ತೆ? ಹೋದಾಗ ಏನನ್ನು ಗಮನಿಸಬೇಕು?
— ಓದುಗರೊಬ್ಬರು, ಧಾರವಾಡ

ಉತ್ತರ: ಅದು ಎಂದೂ ಮಸೀದಿಯಾಗಿರಲಿಲ್ಲ. ಸ್ಪೇನಿನ ಕಾರ್ಡೊಬಾದಲ್ಲಿ 1236ರಲ್ಲಿ ಮಸೀದಿಯೊಂದನ್ನು ಚರ್ಚಾಗಿ ಪರಿವರ್ತಿಸಿದರು. ಪಲೆರ್ಮೊದಲ್ಲಾದರೋ ಕ್ರೈಸ್ತ ದೊರೆಯೊಬ್ಬ ತನ್ನ ಹೊಸ ಚರ್ಚಿಗೆ ಬೇಕೆಂದೇ ಅರಬ್ಬೀ ಚಾವಣಿಯನ್ನು ಮಾಡಿಸಿದ. 831ರಿಂದ ಮುಸ್ಲಿಮರ ಆಳ್ವಿಕೆಯಲ್ಲಿದ್ದ ಪಲೆರ್ಮೊವನ್ನು ಉತ್ತರ ಫ್ರಾನ್ಸ್ ಮೂಲದ ಕ್ರೈಸ್ತ ಯೋಧರಾದ ನಾರ್ಮನ್ನರು 1072ರಲ್ಲಿ ಗೆದ್ದರು. 1130ರ ಕ್ರಿಸ್‌ಮಸ್ ದಿನ ಕಿರೀಟ ಧರಿಸಿದ ನಾರ್ಮನ್ ದೊರೆ ಎರಡನೆಯ ರೋಜರ್, ಅರಮನೆಯ ಮೊದಲ ಮಹಡಿಯಲ್ಲಿ ಕಟ್ಟಿಸಿದ ಈ ಚರ್ಚು 1140ರ ಹೊತ್ತಿಗೆ ಪ್ರತಿಷ್ಠೆಗೊಂಡಿತು.

ಒಳಗೆ ನಿಂತು ಮೊದಲು ಅಕ್ಷರಗಳನ್ನು ನೋಡಿರಿ. ಬಲಿಪೀಠದ ಮೇಲಿನ ಗುಮ್ಮಟದಲ್ಲಿ ಸಣ್ಣ ಚೂರುಗಳನ್ನು ಜೋಡಿಸಿ ಮಾಡಿದ, ಚಿನ್ನದ ಹಿನ್ನೆಲೆಯ ಮೊಸಾಯಿಕ್ ಕ್ರಿಸ್ತನನ್ನು ದೇವದೂತರು ಸುತ್ತುವರಿದಿದ್ದಾರೆ. ಅಲ್ಲಿನ ಬರಹ ಹೆಚ್ಚಾಗಿ ಗ್ರೀಕ್. ಜನ ನಿಲ್ಲುವ ಉದ್ದನೆಯ ಅಂಕಣದ ಗೋಡೆಗಳಲ್ಲಿ ಸೃಷ್ಟಿಯ ಕಥೆಯ ಜೊತೆಗೆ ಲ್ಯಾಟಿನ್ ಬರಹವಿದೆ. ಕತ್ತೆತ್ತಿದರೆ ಚಾವಣಿಯಲ್ಲಿ ಅರಬ್ಬಿಯ ಕೂಫಿ ಲಿಪಿ.

ಈ ಚಾವಣಿಗಾಗಿಯೇ ನೀವು ಹೆಚ್ಚು ಸಮಯ ಇಟ್ಟುಕೊಳ್ಳಬೇಕು. ಜೇನುಗೂಡಿನ ಗೂಡುಗಳನ್ನು ಒಂದರ ಮೇಲೊಂದು ಪೇರಿಸಿ ತಲೆಕೆಳಗಾಗಿ ತೂಗುಬಿಟ್ಟಂತೆ ಕಾಣುವ ಈ ರಚನೆಗೆ ಮುಕರ್ನಸ್ ಎನ್ನುತ್ತಾರೆ. ಇಲ್ಲಿ ಅದನ್ನು ಕಲ್ಲಿನಿಂದಲ್ಲ, ತೆಳುವಾದ ಮರದ ಹಲಗೆಗಳಿಂದ ಮಾಡಿದ್ದಾರೆ. ನಡುವೆ ಎಂಟು ಮೊನೆಯ ನಕ್ಷತ್ರಗಳು ಸಾಲಾಗಿವೆ. ಆದರೆ ನಿಮ್ಮ ಮಗಳ ಹೋಲಿಕೆಗೆ ಸಣ್ಣದೊಂದು ತಿದ್ದುಪಡಿ ಬೇಕು: ಗೂಡುಗಳಲ್ಲಿ ಬರೆದಿರುವುದು ಚಕ್ಕಳಮಕ್ಕಳ ಹಾಕಿ ಬಟ್ಟಲು ಹಿಡಿದು ಕುಳಿತ ಅರಸ, ವಾದ್ಯ ನುಡಿಸುವವರು, ಕುಣಿಯುವವರು, ಒಂಟೆ, ಸಿಂಹ, ಎದುರುಬದುರು ಕುಳಿತು ಚದುರಂಗವಾಡುತ್ತಿರುವ ಇಬ್ಬರು. ಇಂತಹ ಚಿತ್ರಗಳಿಗೆ ಮಸೀದಿಯಲ್ಲಿ ಜಾಗವಿಲ್ಲ. ಇದು ಅರಬ್ ದೊರೆಗಳ ಆಸ್ಥಾನದ ವೈಭವ. ಕೂಫಿ ಬರಹದಲ್ಲಿರುವುದೂ ಆರೋಗ್ಯ, ಜಯ, ಬಲಗಳನ್ನು ಹಾರೈಸುವ ಮಾತುಗಳೇ. ಬಲಿಪೀಠಕ್ಕೆ ಎದುರಾಗಿ, ಪಶ್ಚಿಮದ ಗೋಡೆಗೆ ಒತ್ತಿ ಅರಸನ ಸಿಂಹಾಸನದ ಕಟ್ಟೆಯಿದೆ. ಹಾಗಾಗಿ ಗುಮ್ಮಟವನ್ನು ದೇವರಿಗೂ ಈ ಚಾವಣಿಯನ್ನು ಅರಸನಿಗೂ ಸೇರಿದ್ದೆಂದು ಓದುವುದೇ ನನಗೆ ಸರಿಯೆನಿಸುತ್ತದೆ.

ಇದನ್ನೆಲ್ಲ ಕೇವಲ ಸೌಹಾರ್ದದ ಕಥೆಯಾಗಿ ಹೇಳುವ ಮಾರ್ಗದರ್ಶಿಗಳು ಸಿಕ್ಕಾರು, ಪೂರ್ತಿ ನಂಬಬೇಡಿರಿ. ಅರಬ್ ಭೂಗೋಳಜ್ಞ ಅಲ್ ಇದ್ರಿಸಿಗೆ ಆಶ್ರಯ ಕೊಟ್ಟವನು ರೋಜರನೇ ಆದರೂ, ಅವನ ಮೊಮ್ಮಗ ಎರಡನೆಯ ಫ್ರೆಡರಿಕ್ ಮುಂದಿನ ಶತಮಾನದಲ್ಲಿ ಸಿಸಿಲಿಯ ಮುಸ್ಲಿಮರನ್ನು ಇಟಲಿಯ ಮುಖ್ಯಭೂಮಿಯ ಲುಚೇರಾಕ್ಕೆ ಸಾಗಹಾಕಿದ.

ಚರ್ಚಿನ ಹೊರಗೋಡೆಯಲ್ಲಿ, ಅವಸರದವರು ದಾಟಿ ಹೋಗುವ ಒಂದು ಶಾಸನವಿದೆ. ರೋಜರ್ ಮಾಡಿಸಿದ ನೀರಿನ ಗಡಿಯಾರವನ್ನು ಕುರಿತ ಅದು ಲ್ಯಾಟಿನ್, ಗ್ರೀಕ್ ಮತ್ತು ಅರಬ್ಬಿಗಳಲ್ಲಿದ್ದು, ಲ್ಯಾಟಿನ್ನಿನಲ್ಲಿ 1142 ಎಂದಿರುವ ವರ್ಷ ಅರಬ್ಬಿಯಲ್ಲಿ ಹಿಜರಿ 536 ಆಗಿದೆ. ಗಡಿಯಾರ ಈಗಿಲ್ಲ.

ಚಾವಣಿ ಎತ್ತರದಲ್ಲಿದ್ದು ಗೂಡುಗಳು ಮಬ್ಬಾಗಿರುವುದರಿಂದ ಚಿಕ್ಕದೊಂದು ದುರ್ಬೀನು ಜೊತೆಗಿರಲಿ. ಅದಿಲ್ಲದೆ ಚದುರಂಗದವರು ಕಣ್ಣಿಗೆ ಬೀಳುವುದು ಕಷ್ಟ. ಈಗಲೂ ಪ್ರಾರ್ಥನೆ ನಡೆಯುವ ಚರ್ಚಾದ್ದರಿಂದ ಹೆಗಲು, ಮೊಣಕಾಲು ಮುಚ್ಚುವ ಉಡುಪು ಬೇಕು, ಭಾನುವಾರದ ಬೆಳಿಗ್ಗೆ ಬೇಡ. ಅರಮನೆಯಲ್ಲಿ ಸಿಸಿಲಿಯ ಪ್ರಾದೇಶಿಕ ಶಾಸನಸಭೆ ಸೇರುತ್ತದೆ. ಆ ದಿನಗಳಲ್ಲಿ ರಾಜನ ಕೋಣೆಗಳು ಮುಚ್ಚಿರಬಹುದಾದ್ದರಿಂದ ಮೊದಲೇ ವಿಚಾರಿಸಿಕೊಳ್ಳಿರಿ.

ಎರಡನೆಯ ದಿನ ಸ್ಯಾನ್ ಕತಾಲ್ದೊ ಚರ್ಚಿನ ಮೂರು ಕೆಂಪು ಗುಮ್ಮಟಗಳನ್ನು ನೋಡಬಹುದು, ಆದರೆ ಆ ಕೆಂಪು 19ನೆಯ ಶತಮಾನದ ಜೀರ್ಣೋದ್ಧಾರದ್ದು. ಮಸೀದಿಯಿದ್ದ ಜಾಗದಲ್ಲಿ ನಿಂತ ಚರ್ಚನ್ನೇ ನೋಡಬೇಕೆಂದಿದ್ದರೆ 1185ರಲ್ಲಿ ಕಟ್ಟತೊಡಗಿದ ಪಲೆರ್ಮೊ ಕೆಥೀಡ್ರಲ್ಲಿಗೆ ಹೋಗಿರಿ. ಅದರ ದಕ್ಷಿಣದ ಮುಖಮಂಟಪದ ಎಡಗಡೆಯ ಕಂಬವನ್ನು ಹತ್ತಿರದಿಂದ ನೋಡಿದರೆ, ಚರ್ಚಿಗೆ ಬರುವವರು ದಿನವೂ ದಾಟಿ ಹೋಗುವ ಆ ಕಲ್ಲಿನ ಮೇಲೆ ಕುರಾನಿನ ಒಂದು ವಚನ ಕೆತ್ತಿರುವುದು ಕಾಣುತ್ತದೆ.