ಸೆಲ್ಫ್ ಬಿಚ್ಚುವ ಮುನ್ನ ಮೀಟರ್ ಹಿಡಿಯಿರಿ

ಓದುಗರ ಪ್ರಶ್ನೆ – ತಜ್ಞರ ಉತ್ತರ: ಹಳೆಯ ಟ್ರ್ಯಾಕ್ಟರ್‌ಗಳ ಸ್ಟಾರ್ಟಿಂಗ್ ತೊಂದರೆ

ಪ್ರಶ್ನೆ: ನಮ್ಮದು ಮೂರು ಸಿಲಿಂಡರಿನ, 35 ಎಚ್‌ಪಿ ಹಳೆಯ ಟ್ರ್ಯಾಕ್ಟರ್. ಬ್ಯಾಟರಿ ಹೊಸದು. ಆದರೂ ಸೆಲ್ಫ್ ಹೊಡೆದರೆ ಇಂಜಿನ್ ಭಾರವಾಗಿ ಒಂದೆರಡು ಸುತ್ತು ತಿರುಗಿ ನಿಲ್ಲುತ್ತದೆ. ಸೆಲ್ಫ್ ಮೋಟಾರನ್ನೇ ಬದಲಿಸಿ ಎಂಬ ಸಲಹೆ ಬಂದಿದೆ. ಬದಲಿಸಬೇಕೆ?
– ಓದುಗರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಈಗಲೇ ಬೇಡ. ಈ ಲಕ್ಷಣ ಕಂಡಾಗ ಮೊದಲು ಅನುಮಾನಪಡಬೇಕಾದದ್ದು ಕೇಬಲ್, ಲಗ್ (ಕೇಬಲ್ ತುದಿಯ ಲೋಹದ ಬಳೆ) ಮತ್ತು ಮೈನಸ್ ಕೇಬಲ್ ಗಾಡಿಯ ಮೈಗೆ ಸೇರುವ ಅರ್ಥಿಂಗ್ ಜಾಗಗಳನ್ನು. ಅಲ್ಲಿ ದೋಷವಿದ್ದರೆ ಹೊಸ ಸೆಲ್ಫ್ ಹಾಕಿದರೂ ಇದೇ ಪಾಡು.

ಇಷ್ಟು ದೊಡ್ಡ ಡೀಸೆಲ್ ಇಂಜಿನ್ ತಿರುಗಿಸುವಾಗ ಸೆಲ್ಫ್ ಸುಮಾರು 300 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟಿಗೆ ಒಂದು ಓಮ್‌ನ ಸಾವಿರದಲ್ಲೊಂದು ಭಾಗದಷ್ಟು ತಡೆ ಇದ್ದರೂ 0.3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಕಿಲುಬು ಹಿಡಿದ ನಾಲ್ಕು ಜಾಯಿಂಟ್ ಸೇರಿದರೆ ಲೆಕ್ಕ ನೀವೇ ಹಾಕಿ. ಟೆಸ್ಟ್ ಲ್ಯಾಂಪ್ ಹಚ್ಚಿ "ಕರೆಂಟ್ ಬರ್ತಿದೆ" ಅನ್ನುವುದು ಇಲ್ಲಿ ನಂಬಲರ್ಹವಲ್ಲ. ಕೇಬಲ್ಲಿನ ಒಂದೇ ಎಳೆ ಉಳಿದಿದ್ದರೂ ಆ ಬಲ್ಬು ಉರಿಯುತ್ತದೆ.

ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಗಿ, ಇಂಜಿನ್ ಹೊತ್ತಿಕೊಳ್ಳದಂತೆ ಸ್ಟಾಪ್ ಕೇಬಲ್ ಎಳೆದಿರಲಿ. ಒಬ್ಬರು ಸೀಟಿನಲ್ಲಿ ಕೂತು ಕ್ಲಚ್ ಒತ್ತಿ ಐದೈದು ಸೆಕೆಂಡ್ ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮೀಟರ್ ನೋಡಲಿ. ಪ್ರತಿ ಸಲದ ನಡುವೆ ಒಂದು ನಿಮಿಷ ಬಿಡಿ.

ಮೊದಲು ಏನನ್ನೂ ಹೊಡೆಯದೆ ಬ್ಯಾಟರಿ ನೋಡಿ. ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಹೊಸದಾದರೂ ಆಲ್ಟರ್ನೇಟರ್ ಚಾರ್ಜ್ ಮಾಡದಿದ್ದರೆ ಹೀಗೇ ಆಗುತ್ತದೆ. ಇಂಜಿನ್ ಓಡುವಾಗ 13.8ರಿಂದ 14.4 ಬರುತ್ತಿದೆಯೇ ನೋಡಿಕೊಳ್ಳಿ. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಒಳಗಿನ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನೂ ಹಾಕಿ. ಒಂದು ಸೆಲ್ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಸೆಲ್ ಕೆಟ್ಟಿದೆ.

ಈಗ ಸೆಲ್ಫ್ ಹೊಡೆಯುತ್ತ ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಿರಿ. ಮೀಟರ್ ವೈರಿನ ತುದಿ ಸೀಸದ ಕಂಬಕ್ಕೇ ತಾಗಬೇಕು, ಕ್ಲಾಂಪಿಗಲ್ಲ. 9.6ಕ್ಕಿಂತ ಕೆಳಗೆ ಬಿದ್ದರೆ ಒಂದೋ ಬ್ಯಾಟರಿಯಲ್ಲಿ ದಮ್ಮಿಲ್ಲ, ಇಲ್ಲವೇ ಮೋಟಾರ್ ಅತಿಯಾಗಿ ಎಳೆಯುತ್ತಿದೆ. ಚೆನ್ನಾಗಿರುವ ಇನ್ನೊಂದು 12 ವೋಲ್ಟ್ ಬ್ಯಾಟರಿ ಹಾಕಿದರೆ ಯಾವುದೆಂದು ಗೊತ್ತಾಗುತ್ತದೆ. ಕೆಲವರು ಎರಡು ಬ್ಯಾಟರಿ ಸೀರೀಸ್‌ನಲ್ಲಿ ಸೇರಿಸಿ 24 ವೋಲ್ಟ್ ಕೊಡುತ್ತಾರೆ. ಅದು ಪರೀಕ್ಷೆಯಲ್ಲ, ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ತಾಮ್ರ ಸುತ್ತಿದ ಭಾಗ) ಸುಡುವ ದಾರಿ.

ಕಂಬದಲ್ಲಿ 11ರಷ್ಟು ಉಳಿದೂ ಇಂಜಿನ್ ನಿಧಾನವಾಗಿದ್ದರೆ ನಡುವೆ ಎಲ್ಲೋ ತಡೆ ಇದೆ. ಮೀಟರಿನ ಒಂದು ತುದಿ ಪ್ಲಸ್ ಕಂಬಕ್ಕೆ, ಇನ್ನೊಂದು ಸೊಲೆನಾಯ್ಡ್‌ನಿಂದ (ಕೀಲಿ ತಿರುಗಿಸಿದಾಗ ಸೆಲ್ಫ್‌ಗೆ ಕರೆಂಟ್ ಕೂಡಿಸುವ ಸ್ವಿಚ್) ಮೋಟಾರಿನೊಳಕ್ಕೆ ಹೋಗುವ ದಪ್ಪ ಬೋಲ್ಟಿಗೆ ಇಟ್ಟು ಸೆಲ್ಫ್ ಹೊಡೆಯಿರಿ. ಸೆಲ್ಫ್ ತಿರುಗುತ್ತಿರುವಾಗ 0.5ಕ್ಕಿಂತ ಹೆಚ್ಚು ಬರಬಾರದು. ಆಮೇಲೆ ಮೈನಸ್ ಕಂಬದಿಂದ ಸೆಲ್ಫ್‌ನ ಮೈಗೆ, ಇಲ್ಲಿ 0.3 ಮೀರಬಾರದು. ಮೀರಿದ ಕಡೆಯಲ್ಲಿ ಜಾಯಿಂಟ್ ಜಾಯಿಂಟಾಗಿ ಅಳೆಯುತ್ತ ಹೋದರೆ ಕಳ್ಳ ಸಿಗುತ್ತಾನೆ. ಹೊಸ ಪೇಂಟ್ ಹೊಡೆಸಿದ ಗಾಡಿಗಳಲ್ಲಿ ಮೈನಸ್ ಕಡೆಯೇ ಹೆಚ್ಚಾಗಿ ಸಿಕ್ಕಿಬೀಳುತ್ತದೆ, ಏಕೆಂದರೆ ಅರ್ಥ್ ಬೋಲ್ಟಿನ ಕೆಳಗೂ ಸೆಲ್ಫ್ ಕೂರುವ ಮುಖಕ್ಕೂ ಬಣ್ಣ ಬಳಿದಿರುತ್ತಾರೆ.

ರಿಪೇರಿ ಸುಲಭ. ಮೈನಸ್ ಮೊದಲು ಬಿಚ್ಚಿ. ಕಂಬ, ಕ್ಲಾಂಪುಗಳನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ, ಸೋಡಾ ನೀರು ಸೆಲ್ಲಿನೊಳಗೆ ಹೋಗದಿರಲಿ. ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಕೇಬಲ್ ಗಟ್ಟಿಯಾಗಿ ಒಳಗೆ ಹಸಿರುಗಟ್ಟಿದ್ದರೆ 50 ಚದರ ಮಿಮೀ ತಾಮ್ರದ್ದೇ ಹಾಕಿಸಿ. ಲಗ್ಗನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದ ಲಗ್ ಒಂದು ಮಳೆಗಾಲ ಬಾಳಿದರೆ ಹೆಚ್ಚು. ಇಷ್ಟೆಲ್ಲ ಸರಿಯಿದ್ದೂ, ಮೋಟಾರಿನ ಬೋಲ್ಟಿಗೂ ಮೈಗೂ ನಡುವೆ 10.5 ವೋಲ್ಟ್ ತಲುಪಿಯೂ ನಿಧಾನವಾಗಿ ತಿರುಗಿದರೆ, ಆಗ ಸೆಲ್ಫ್ ಬಿಚ್ಚಿ.

ಪ್ರಶ್ನೆ: ಕೀಲಿ ತಿರುಗಿಸಿದರೆ "ಟಕ್" ಎಂಬ ಒಂದೇ ಶಬ್ದ, ಇಂಜಿನ್ ಅಲುಗುವುದಿಲ್ಲ. ಸೆಲ್ಫ್‌ಗೆ ತಟ್ಟಿದರೆ ಕೆಲವೊಮ್ಮೆ ಸ್ಟಾರ್ಟ್ ಆಗುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡಿದರೂ ಆಗುತ್ತದೆ.
– ಓದುಗರು, ಗೋಕಾಕ

ಉತ್ತರ: ಮೊದಲು ಆ ಸ್ಕ್ರೂಡ್ರೈವರ್ ಒಳಗಿಡಿ. ನೆಲದ ಮೇಲೆ ಚಕ್ರದ ಮುಂದೆ ನಿಂತು ಶಾರ್ಟ್ ಮಾಡಿದಾಗ ಗೇರ್ ಬಿದ್ದಿದ್ದರೆ ಗಾಡಿ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಮೈಮೇಲೆ ಹರಿಯುತ್ತದೆ. ಟ್ರ್ಯಾಕ್ಟರ್ ಸಾವುಗಳಲ್ಲಿ ಇದೂ ಒಂದು ಬಗೆ.

ಒಂದೇ ಗಟ್ಟಿ "ಟಕ್" ಬಂದರೆ ಸೊಲೆನಾಯ್ಡ್ ಎಳೆಯುತ್ತಿದೆ ಎಂದರ್ಥ. ಅದರ ಎರಡು ದಪ್ಪ ಬೋಲ್ಟುಗಳ ನಡುವೆ ಮೀಟರ್ ಇಟ್ಟು ಕೀಲಿ ತಿರುಗಿಸಿ. 12ರಷ್ಟೇ ನಿಂತರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟು ಕೂಡುತ್ತಿಲ್ಲ. ಬಿಚ್ಚಲು ಬರುವ ಸೊಲೆನಾಯ್ಡ್ ಆದರೆ ಒಳಗೆ ಎರಡು ಬೋಲ್ಟುಗಳನ್ನು ಕೂಡಿಸುವ ಬಿಲ್ಲೆಯನ್ನು ಮಗುಚಿ, ಬೋಲ್ಟುಗಳನ್ನು ಅರ್ಧ ಸುತ್ತು ತಿರುಗಿಸಿ ಹೊಸ ಮುಖ ಕೊಡಬಹುದು. ಸೊನ್ನೆಯ ಹತ್ತಿರ ಬಂದೂ ಮೋಟಾರ್ ತಿರುಗದಿದ್ದರೆ ಆರ್ಮೇಚರಿಗೆ ಕರೆಂಟ್ ಕೊಡುವ ಕಾರ್ಬನ್‌ಗಳು ಸವೆದಿವೆ ಅಥವಾ ಹೋಲ್ಡರಿನಲ್ಲಿ ಸಿಕ್ಕಿಕೊಂಡಿವೆ. ತಟ್ಟಿದಾಗ ಓಡುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಹೊಸದರ ಅರ್ಧಕ್ಕಿಂತ ಗಿಡ್ಡವಾಗಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಸ್ಪ್ರಿಂಗ್ ಸುಟ್ಟು ನೀಲಿಗಟ್ಟಿದ್ದರೆ ಅದನ್ನೂ. ಕಾರ್ಬನ್‌ಗಳು ಉಜ್ಜುವ ತಾಮ್ರದ ಪಟ್ಟಿಗಳ ಕಾಮ್ಯುಟೇಟರನ್ನು ಸಣ್ಣ ಗ್ಲಾಸ್ ಪೇಪರಿನಿಂದ ಉಜ್ಜಿ, ಎಮೆರಿ ಬೇಡ: ಅದರ ಪುಡಿ ತಾಮ್ರದ ಪಟ್ಟಿಗಳ ಸಂದಿಯಲ್ಲಿ ಸೇರಿ ತೊಂದರೆ ಕೊಡುತ್ತದೆ.

"ಟಕಟಕಟಕ" ಎಂದು ಬಡಿದುಕೊಂಡರೆ ಕಥೆ ಬೇರೆ. ಅಲ್ಲಿ ವೋಲ್ಟೇಜ್ ಸಾಲದು. ಮೇಲಿನ ಉತ್ತರದ ಬ್ಯಾಟರಿ ಮತ್ತು ಜಾಯಿಂಟ್ ಪರೀಕ್ಷೆಗೆ ಹೋಗಿ.

ಪ್ರಶ್ನೆ: ಬೆಳಿಗ್ಗೆ ಒಂದೇ ಏಟಿಗೆ ಸ್ಟಾರ್ಟ್. ಗದ್ದೆಯಲ್ಲಿ ಕೆಸರು ಹೊಡೆದು ನಿಲ್ಲಿಸಿದರೆ ಮತ್ತೆ ಸೆಲ್ಫ್ ಎತ್ತುವುದಿಲ್ಲ, ತಣಿದ ಮೇಲೆ ಸರಿ.
– ಓದುಗರು, ಗಂಗಾವತಿ

ಉತ್ತರ: ಸೆಲ್ಫ್ ಮೋಟಾರಿನ ಶಾಫ್ಟ್ ತಿರುಗುವ ಬುಷ್ ಸವೆದಿರುವ ಸಂಭವ ಹೆಚ್ಚು. ಆರ್ಮೇಚರಿಗೂ ಸುತ್ತಲಿನ ಪೋಲ್ ಶೂಗಳಿಗೂ (ಮೋಟಾರ್ ಮೈಯೊಳಗಿನ ಕಬ್ಬಿಣದ ಕಾಂತದ ತುಂಡುಗಳು) ಇರುವ ಸಂದು ಒಂದು ಮಿಲಿಮೀಟರಿಗೂ ಕಡಿಮೆ. ಕಂಚಿನ ಬುಷ್ ಸವೆದರೆ ಆರ್ಮೇಚರ್ ಒಂದು ಪಕ್ಕಕ್ಕೆ ವಾಲಿ ಶೂಗೆ ಉಜ್ಜುತ್ತದೆ. ಮೇಲಾಗಿ ಬಿಸಿ ತಾಮ್ರದ ತಡೆ ಜಾಸ್ತಿ: 60 ಡಿಗ್ರಿ ಏರಿದರೆ ಸುಮಾರು ಕಾಲು ಭಾಗ. ತಣ್ಣಗಿದ್ದಾಗ ಹೇಗೋ ಸುಧಾರಿಸಿದ್ದ ಮೋಟಾರ್ ಬಿಸಿಯಲ್ಲಿ ಸೋಲುತ್ತದೆ.

ಬಿಚ್ಚಿದಾಗ ಆರ್ಮೇಚರಿನ ಮೈ, ಶೂಗಳ ಮೇಲೆ ಹೊಳೆಯುವ ಗೀರು ಕಂಡರೆ ಸಂಶಯವೇ ಇಲ್ಲ. ಹೊಸ ಬುಷ್‌ಗಳನ್ನು ಒಂದು ದಿನ ಪೂರ್ತಿ ತೆಳು ಇಂಜಿನ್ ಆಯಿಲ್‌ನಲ್ಲಿ ನೆನೆಸಿಟ್ಟು ಆಮೇಲೆ ಕೂರಿಸಿ, ಆ ಕಂಚು ಎಣ್ಣೆ ಹೀರಿಕೊಳ್ಳುವಂಥದ್ದು. ಒಳಗೆ ಕೆರೆದು ಅಗಲಿಸುವ ರೀಮರ್ ಹಾಕಿದರೆ ಎಣ್ಣೆ ಹೀರುವ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ; ಸರಿಯಾದ ಅಳತೆಯದ್ದನ್ನೇ ಕೇಳಿ ತನ್ನಿ. ಗೀರು ಆಳವಾಗಿದ್ದರೆ ಆರ್ಮೇಚರನ್ನು ಗ್ರೌಲರ್ (ಸುರುಳಿಯ ಶಾರ್ಟ್ ಹುಡುಕುವ ಯಂತ್ರ) ಮೇಲೆ ಪರೀಕ್ಷಿಸಿದ ನಂತರವೇ ಜೋಡಿಸಲಿ. ನಿಮ್ಮಲ್ಲಿ ಕೆಸರಿನ ಕೆಲಸ ಇರುವುದರಿಂದ ಹಂಗಾಮು ಮುಗಿದ ಮೇಲೆ ಸೆಲ್ಫ್‌ನ ಮುಂಭಾಗದ ಪಿನಿಯನ್ (ಇಂಜಿನ್ ತಿರುಗಿಸುವ ಸಣ್ಣ ಹಲ್ಲಿನ ಚಕ್ರ), ಅದರ ಸುರುಳಿ ಕಾಲುವೆಗಳನ್ನು ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಗ್ರೀಸ್ ಬಳಿಯಬೇಡಿ, ಮಣ್ಣು ಅದಕ್ಕೇ ಅಂಟುತ್ತದೆ.

ಪ್ರಶ್ನೆ: ಸೆಲ್ಫ್ "ಝುಂಯ್" ಎಂದು ತಿರುಗುತ್ತದೆ, ಇಂಜಿನ್ ತಿರುಗುವುದಿಲ್ಲ. ಫ್ಯಾನ್ ಬೆಲ್ಟ್ ಹಿಡಿದು ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದೆ.
– ಓದುಗರು, ಚನ್ನರಾಯಪಟ್ಟಣ

ಉತ್ತರ: ಸ್ಥಾನ ಬದಲಿಸಿದರೆ ಹಿಡಿಯುವುದಾದರೆ ಪಿನಿಯನ್ ಕಚ್ಚಿಕೊಳ್ಳುವ ಫ್ಲೈವೀಲ್ ರಿಂಗಿನ ಹಲ್ಲು ಆ ಜಾಗದಲ್ಲಿ ಸವೆದಿದೆ. ಇಂಜಿನ್ ಆಫ್ ಆದಾಗ ಮೂರು ಸಿಲಿಂಡರಿನದು ಮೂರು ಜಾಗಗಳಲ್ಲಿ, ನಾಲ್ಕರದು ಎರಡು ಜಾಗಗಳಲ್ಲಿ ಮಾತ್ರ ಬಂದು ನಿಲ್ಲುವುದರಿಂದ ಅಲ್ಲಲ್ಲೇ ಪೆಟ್ಟು. ಸೆಲ್ಫ್ ತೆಗೆದ ರಂಧ್ರದಲ್ಲಿ ಟಾರ್ಚ್ ಹಾಕಿ, ಒಂದು ಸುತ್ತು ಪೂರ್ತಿ ತಿರುಗಿಸಿ ನೋಡಿ. ರಿಂಗ್ ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಬೇರ್ಪಡಿಸಬೇಕು. ಕ್ಲಚ್ ಪ್ಲೇಟ್ ಹಾಕಿಸುವ ಸಮಯ ಹತ್ತಿರವಿದ್ದರೆ ಎರಡೂ ಕೆಲಸ ಒಟ್ಟಿಗೆ ಮಾಡಿಸಿ. ಎಲ್ಲ ಸ್ಥಾನಗಳಲ್ಲೂ ಜಾರಿದರೆ ರಿಂಗ್ ಅಲ್ಲ, ಸೆಲ್ಫ್‌ನಲ್ಲೇ ಇರುವ ಪಿನಿಯನ್ ಕ್ಲಚ್ ಕೆಟ್ಟಿದೆ. ಅದು ಸೆಲ್ಫ್ ಬಿಚ್ಚಿದಾಗಲೇ ಮುಗಿಯುವ ಕೆಲಸ.