ಇಪ್ಪತ್ತು ಕಿಲೋದ ಆಚೆ, ಈಚೆ

ನೀವು ಮೈಸೂರಿನಿಂದ ಬಸವಕಲ್ಯಾಣ ನೋಡಲು ಬಂದಾಗ ನಮ್ಮ ಓಣಿಯ ಹುಡುಗನ ಕಥೆ ಕೇಳಿ ಸಿಟ್ಟಾಗಿದ್ದಿರಿ. ಬಾಡಿಗೆಗೆ ಪಿಕಪ್ ಓಡಿಸಿದವನಿಗೆ ಹತ್ತು ವರ್ಷ ಜೈಲು, ಗಾಂಜಾ ಕಳಿಸಿದವನು ಯಾರೋ ಇನ್ನೂ ಗೊತ್ತಿಲ್ಲ. ಬಡತನ, ವಯಸ್ಸು, ಮನೆ ಪರಿಸ್ಥಿತಿ ಇದನ್ನೆಲ್ಲ ನಿಮ್ಮ ಕಡೆ ಜಡ್ಜ್ ನೋಡೋದೇ ಇಲ್ವಾ ಅಂತ ಕೇಳಿದಿರಿ. ನೋಡುತ್ತಾರೆ. ಆದರೆ ಮೊದಲು ತಕ್ಕಡಿ ನೋಡುತ್ತಾರೆ.

ನಾನು ವಕೀಲನಲ್ಲ. ಬೀದರಿನಲ್ಲಿ ಕೋರ್ಟಿನ ಎದುರಿಗೆ ಟೈಪಿಂಗ್ ಅಂಗಡಿ ಇಟ್ಟುಕೊಂಡವನು. ಇಂಥ ಕಾಗದ ಟೈಪ್ ಮಾಡಿ ಮಾಡಿ ಕಾನೂನು ಬೆರಳಿಗೆ ಬಂದಿದೆ.

ಮೊದಲು ನಮ್ಮ ರಸ್ತೆ ತಿಳಿದುಕೊಳ್ಳಿ. ಹೈದರಾಬಾದಿನಿಂದ ಪುಣೆಗೆ ಹೋಗುವ 65ನೇ ನಂಬರಿನ ಹೆದ್ದಾರಿ ತೆಲಂಗಾಣದ ಜಹೀರಾಬಾದ್ ದಾಟಿದ ಮೇಲೆ ನಮ್ಮ ಜಿಲ್ಲೆಗೆ ಕಾಲಿಡುತ್ತದೆ. ಹುಮನಾಬಾದ್ ಹಾದು ಮಹಾರಾಷ್ಟ್ರದ ಉಮರ್ಗಾ ಕಡೆ ಹೊರಟುಹೋಗುತ್ತದೆ. ಒಂದು ಬೆಳಿಗ್ಗೆಯಲ್ಲಿ ಮೂರು ರಾಜ್ಯ. ಆಂಧ್ರ-ಒಡಿಶಾ ಗಡಿಯ ಗುಡ್ಡಗಳಲ್ಲಿ ಬೆಳೆದ ಗಾಂಜಾ ಮಹಾರಾಷ್ಟ್ರಕ್ಕೆ ಹೋಗುವ ದಾರಿಗಳಲ್ಲಿ ಇದೂ ಒಂದು. ಸಿಕ್ಕಿಬೀಳುವವನು ಹೆಚ್ಚಾಗಿ ಸ್ಟೇರಿಂಗ್ ಹಿಡಿದವನು. ಮಾಲಿನ ಮಾಲೀಕ ಆ ಗಾಡಿಯಲ್ಲಿ ಯಾಕೆ ಕೂರುತ್ತಾನೆ ಹೇಳಿ?

ಈಗ ತಕ್ಕಡಿ. ಮಾದಕ ವಸ್ತುಗಳ ಕಾನೂನು, ಕೋರ್ಟಿನಲ್ಲಿ ಎಲ್ಲರೂ ಎನ್‌ಡಿಪಿಎಸ್ ಅನ್ನುವುದು, 1985ರದು. ಮಾಲಿನ ತೂಕಕ್ಕೆ ತಕ್ಕ ಶಿಕ್ಷೆ ಅನ್ನುವ ಲೆಕ್ಕ ಅದಕ್ಕೆ ಸೇರಿದ್ದು 2001ರ ತಿದ್ದುಪಡಿಯಲ್ಲಿ. ಗಾಂಜಾ ಒಂದು ಕಿಲೋದವರೆಗೆ ಇದ್ದರೆ ಸಣ್ಣ ಪ್ರಮಾಣ. ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೇ ಬರೀ ದಂಡವೂ ಆಗಬಹುದು. ಅಲ್ಲಿಂದ 20 ಕಿಲೋದವರೆಗೆ ಹತ್ತು ವರ್ಷದ ತನಕ ಎಷ್ಟಾದರೂ ಕೊಡಬಹುದು, ಕಡೇಪಕ್ಷ ಇಷ್ಟು ಅಂತ ಇಲ್ಲ. 20 ಕಿಲೋ ದಾಟಿತೋ, ಅದು ವಾಣಿಜ್ಯ ಪ್ರಮಾಣ. ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು. ದಂಡ ಒಂದು ಲಕ್ಷದಿಂದ ಎರಡು ಲಕ್ಷ. ಜಾಮೀನು ಸಿಗುವುದೂ ಬಹಳ ಕಷ್ಟ.

ಹತ್ತೊಂಬತ್ತು ಕಿಲೋದವನಿಗೆ ಜಡ್ಜ್ ಮನಸ್ಸು ಮಾಡಿದರೆ ಎರಡು ವರ್ಷ ಕೊಡಬಹುದು. ಇಪ್ಪತ್ತೊಂದು ಕಿಲೋದವನ ತಾಯಿ ಹಾಸಿಗೆ ಹಿಡಿದಿದ್ದರೂ, ಅವನು ಹಿಂದೆ ಒಂದು ಇರುವೆ ಕೊಂದಿಲ್ಲದಿದ್ದರೂ, ಹತ್ತಕ್ಕಿಂತ ಒಂದು ದಿನ ಕಡಿಮೆ ಮಾಡಲು ಬರುವುದಿಲ್ಲ. ಸಣ್ಣ ತಪ್ಪುಗಳಲ್ಲಿ ಒಳ್ಳೆಯ ನಡತೆಯ ಮೇಲೆ ಬಿಡುತ್ತಾರಲ್ಲ, ಪ್ರೊಬೇಷನ್, ಅದೂ ಇಲ್ಲಿ ಹದಿನೆಂಟು ತುಂಬಿದ ಸಾಗಣೆದಾರನಿಗೆ ಇಲ್ಲ. ಹಾಗಾಗಿ ಯಾರ ಮನೆಯವರು ಅಳುತ್ತಾ ಅಂಗಡಿಗೆ ಬಂದರೂ ನಾನು ಕೇಳುವ ಮೊದಲ ಮಾತು: ಎಷ್ಟು ಕಿಲೋ? ಒರಟಾಗಿ ಕೇಳಿಸುತ್ತದೆ, ಗೊತ್ತು.

ಹಾಗಾದರೆ ಬಡತನದ ಮಾತು ಎಲ್ಲಿ ಬರುತ್ತದೆ? ಅಪರಾಧ ಸಾಬೀತಾದ ಮೇಲೆ ಶಿಕ್ಷೆ ಎಷ್ಟು ಅಂತ ಬೇರೆಯಾಗಿ ವಿಚಾರಣೆ ಮಾಡಬೇಕು, ಅದು ಕಾನೂನು. ಜಡ್ಜ್ ಆರೋಪಿಯನ್ನೇ ಕೇಳುತ್ತಾರೆ, ನೀನು ಹೇಳುವುದೇನಾದರೂ ಇದೆಯಾ ಅಂತ. ಗಡಿ ಅಂದರೆ ಏನು ಅಂತ ನೋಡಬೇಕಿದ್ದರೆ ಆ ಹೊತ್ತಿಗೆ ಅಲ್ಲಿ ನಿಂತಿರಬೇಕು. ಪ್ರಶ್ನೆ ಕನ್ನಡದಲ್ಲಿ. ಆರೋಪಿಗೆ ಬರುವುದು ತೆಲುಗೋ ಮರಾಠಿಯೋ. ಯಾರೋ ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಉರ್ದುವಿನಲ್ಲಿ, ತಿಳಿಸಿ ಹೇಳುತ್ತಾರೆ. ಅವನು ಕೈಮುಗಿದು, ಛೋಟೆ ಬಚ್ಚೇ ಹೈಂ ಸಾಬ್, ಚಿಕ್ಕ ಮಕ್ಕಳಿದ್ದಾರೆ ಸಾಹೇಬರೇ, ಅನ್ನುತ್ತಾನೆ. ಅಷ್ಟೇ. ಜೀವನದ ಹತ್ತು ವರ್ಷಕ್ಕೆ ಅಷ್ಟೇ ಮಾತು.

ಉಳಿದದ್ದನ್ನು ವಕೀಲರು ಹೇಳುತ್ತಾರೆ. ಮೊದಲ ತಪ್ಪು, ಚಿಕ್ಕ ವಯಸ್ಸು, ದುಡಿಯುವವನು ಇವನೊಬ್ಬನೇ, ಬರೀ ಸಾಗಿಸಿದವನು, ವ್ಯಾಪಾರಿಯಲ್ಲ. ಈ ಸಾಲುಗಳು ನನಗೆ ಬಾಯಿಪಾಠ. ಹೆಸರು ಮಾತ್ರ ಬದಲಾಯಿಸುತ್ತೇನೆ. ಸುಳ್ಳಲ್ಲ ಅವು, ಹೆಚ್ಚಿನವರ ವಿಷಯದಲ್ಲಿ ನಿಜವೇ. ಇಷ್ಟೊಂದು ಜನರ ವಿಷಯದಲ್ಲಿ ನಿಜ ಆಗಿರುವುದರಿಂದಲೇ ಅವುಗಳ ತೂಕ ಕಡಿಮೆಯಾಯಿತೇನೋ ಅಂತ ನನಗೆ ಅನುಮಾನ.

ಒಂದು ವಿಚಿತ್ರ ನೋಡಿ. ಕನಿಷ್ಠಕ್ಕಿಂತ ಜಾಸ್ತಿ ಶಿಕ್ಷೆ ಕೊಡಲು ಏನೇನು ನೋಡಬಹುದು ಅಂತ ಕಾನೂನಿನಲ್ಲೇ ಪಟ್ಟಿ ಇದೆ, 32ಬಿ ಕಲಂ. ಆಯುಧ ಅಥವಾ ಹಿಂಸೆ ಬಳಸಿದ್ದು, ಸರ್ಕಾರಿ ಹುದ್ದೆಯನ್ನು ಇದಕ್ಕೆ ಉಪಯೋಗಿಸಿದ್ದು, ಮಕ್ಕಳನ್ನು ಎಳೆದದ್ದು, ಶಾಲೆ-ಕಾಲೇಜಿನಲ್ಲಿ ಮಾಡಿದ್ದು, ದೊಡ್ಡ ಜಾಲಕ್ಕೆ ಸೇರಿದ್ದು. ಕಡಿಮೆ ಮಾಡಲು ಅಂಥ ಪಟ್ಟಿಯೇ ಇಲ್ಲ. ಆಯುಧದ ಮಾತು ಬರೀ ಕಾಗದದ್ದು ಅಂದುಕೊಳ್ಳಬೇಡಿ. 2022ರ ಸೆಪ್ಟೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಕಮಲಾಪುರದ ಪೊಲೀಸರು ಗಾಂಜಾ ಜಾಡು ಹಿಡಿದು ಗಡಿಯಾಚೆ ಉಮರ್ಗಾ ಕಡೆ ಹೋದಾಗ ಗುಂಪು ಮೇಲೆ ಬಿತ್ತು. ಇನ್ಸ್‌ಪೆಕ್ಟರ್ ಸಾವು-ಬದುಕಿನ ನಡುವೆ ಆಸ್ಪತ್ರೆ ಸೇರಿದರು. ನಮ್ಮ ಭಾಗದ ಜನ ಅದನ್ನು ಮರೆತಿಲ್ಲ.

ಸುಪ್ರೀಂ ಕೋರ್ಟ್ ಎರಡೂ ಕಡೆ ಮಾತಾಡಿದೆ. ಗುಜರಾತಿನ ಒಂದು ಪ್ರಕರಣದಲ್ಲಿ, ಇವರು ಬರೀ ಸಾಗಿಸಿದವರು, ಹಿಂದೆ ಕೇಸಿಲ್ಲ ಅಂತ 15 ವರ್ಷವನ್ನು 10ಕ್ಕೆ ಇಳಿಸಿತು. ದಂಡ ಕಟ್ಟದಿದ್ದರೆ ಇನ್ನೂ ಮೂರು ವರ್ಷ ಅಂತಿದ್ದದ್ದನ್ನು ಆರು ತಿಂಗಳು ಮಾಡಿತು. ಆದರೆ 2021ರಲ್ಲಿ ಪಂಜಾಬಿನ ಒಬ್ಬನ ಹತ್ತಿರ ಸಿಕ್ಕಿದ್ದು ಒಂದು ಕಿಲೋ ಹೆರಾಯಿನ್. ಹೆರಾಯಿನ್‌ಗೆ ವಾಣಿಜ್ಯ ಪ್ರಮಾಣದ ಗೆರೆ 250 ಗ್ರಾಂ, ಅಂದರೆ ಅದರ ನಾಲ್ಕು ಪಟ್ಟು. ಬಡವ, ಸಾಗಿಸಿದವ, ಮೊದಲ ಸಲ ಅಂತ ಅವನೂ ಹೇಳಿಕೊಂಡ. ಸಮಾಜಕ್ಕೆ ಆಗುವ ಹಾನಿಯನ್ನೂ ನೋಡಬೇಕು ಅಂತ ಹೇಳಿ 15 ವರ್ಷವನ್ನೇ ಎತ್ತಿಹಿಡಿದರು.

ಆ ದಂಡದ ಮಾತು ಹೊರಗಿನವರಿಗೆ ಚಿಕ್ಕದಾಗಿ ಕಾಣುತ್ತದೆ. ಕೂಲಿ ಮಾಡುವವನ ಮನೆಯಲ್ಲಿ ಒಂದು ಲಕ್ಷ ಎಲ್ಲಿಂದ ಬರಬೇಕು? ಹತ್ತು ವರ್ಷ ಮುಗಿದ ಮೇಲೂ ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಳಗಿರಬೇಕು. ಹೀಗಾಗಿ ತಿಳಿದ ವಕೀಲರು ಆ ಬದಲಿ ಜೈಲನ್ನು ಕಡಿಮೆ ಮಾಡಿ ಅಂತ ಮರೆಯದೆ ಕೇಳುತ್ತಾರೆ. ವಿಚಾರಣೆ ಕಾಲದಲ್ಲಿ ಒಳಗಿದ್ದ ದಿನಗಳನ್ನು ಹೇಗೂ ಶಿಕ್ಷೆಯಲ್ಲಿ ಕಳೆಯುತ್ತಾರೆ.

ತೊಗರಿ ಹೊಲದ ನಡುವೆ ನಾಲ್ಕು ಗಿಡ ಬೆಳೆದು ಸಿಕ್ಕವನ ಕಥೆ ಬೇರೆ. ಬೆಳೆದದ್ದಕ್ಕೆ ಹತ್ತು ವರ್ಷದ ತನಕ ಶಿಕ್ಷೆ ಇದೆ, ಆದರೆ ಕನಿಷ್ಠ ಇಲ್ಲ. ಅಲ್ಲಿ ಒಣಬೇಸಾಯ, ಸಾಲ, ವಯಸ್ಸು ಎಲ್ಲಕ್ಕೂ ಬೆಲೆ ಬರುತ್ತದೆ.

ನಮ್ಮ ಓಣಿಯ ಹುಡುಗನ ಅಪೀಲು ಕಲಬುರಗಿ ಹೈಕೋರ್ಟ್ ಪೀಠಕ್ಕೆ ಹೋಗಿದೆ. 2008ರಲ್ಲಿ ಆ ಪೀಠ ಬರುವ ತನಕ ಅವನ ಅಪ್ಪನಂಥವರು ಇದಕ್ಕೂ ಬೆಂಗಳೂರಿಗೇ ರಾತ್ರಿಯೆಲ್ಲ ಪ್ರಯಾಣ ಮಾಡಬೇಕಿತ್ತು. ಈಗ ಬೆಳಿಗ್ಗೆ ಬಸ್ ಹತ್ತಿ ಪೇಶಿ, ಅಂದರೆ ಕೋರ್ಟಿನ ಹಾಜರಿ, ಮುಗಿಸಿ ಸಂಜೆಗೆ ಮನೆ. ಸಿಕ್ಕ ಮಾಲು 22 ಕಿಲೋ. ಕಾನೂನಿನ ಪ್ರಕಾರ ಗಾಂಜಾ ಅಂದರೆ ಹೂವು-ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಚೀಲದಲ್ಲಿದ್ದದ್ದನ್ನು ಬೇರೆ ಮಾಡದೆ ಹಾಗೇ ತೂಗಿದ್ದಾರೆ ಅಂತ ಅವನ ವಕೀಲರ ವಾದ. ಅದಕ್ಕೇ ಒಂಬತ್ತು ಪುಟ ಆಯಿತು. ಚಿಕ್ಕ ಮಕ್ಕಳು, ವಯಸ್ಸಾದ ಅಪ್ಪ ಇರುವ ಪ್ಯಾರಾ ಕೊನೆಯ ಪುಟದಲ್ಲಿದೆ, ಆರು ಸಾಲು.